ಮಂಜುಗಡ್ಡೆ ಕಿಟಕಿಯ ಮನೆಯ ಕಥೆಗಳು

ಮಾನ್ಯರೇ,

ಸೈಬೀರಿಯಾದ ಸಖಾ (ಯಾಕೂತ್) ಜನಾಂಗದ ಕಾದಂಬರಿಕಾರರ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. ‘ಸೋವಿಯತ್ ಕಾಲದಲ್ಲಿ ಸೈಬೀರಿಯಾದ ಮೂಲೆಯಲ್ಲಿ ಬರೆದದ್ದೆಲ್ಲ ಪಕ್ಷದ ತುತ್ತೂರಿ. ಅದರಲ್ಲಿ ಓದುವಂಥದ್ದು ಒಂದಾದರೂ ಇದೆಯೇ?’ ಎಂದು ಕೇಳಿದ್ದೀರಿ.

ತುತ್ತೂರಿ ಇಲ್ಲವೆಂದು ನಾನು ವಾದಿಸುವುದಿಲ್ಲ. ಶ್ರೀಮಂತನೆಲ್ಲ ಕಟುಕ, ಗಡೀಪಾರಾಗಿ ಬಂದ ಕ್ರಾಂತಿಕಾರಿಯೆಲ್ಲ ದೇವರಂಥವನು ಎನ್ನುವ ಪುಟಗಳು ಬೇಕಾದಷ್ಟಿವೆ. ಆದರೆ ಪ್ಲಾತೋನ್ ಒಯುನ್‌ಸ್ಕಿಯವರನ್ನು ನೋಡಿ. ಯಾಕೂತ್ ಗಣರಾಜ್ಯ ಕಟ್ಟಿದವರಲ್ಲಿ ಒಬ್ಬರು, ಅದರ ಸರ್ಕಾರ ನಡೆಸಿದವರು. 1929ರಲ್ಲಿ ಅವರು ‘ಮಹಾ ಕುದಾಂಗ್ಸಾ’ ಎಂಬ ಕಥೆ ಬರೆದರು. ಚಳಿಗೆ ಕಾರಣವಾದ ನಕ್ಷತ್ರವನ್ನೇ ಕಡಿಸಿಹಾಕಲು ಹೊರಟ ಬಲಾಢ್ಯನೊಬ್ಬ ಹಾಳಾಗುವ ಕಥೆ ಅದು. ಅಧಿಕಾರದ ಒಳಗಿದ್ದೇ ಅಧಿಕಾರದ ಮದವನ್ನು ಹೀಗೆ ಕಂಡವರನ್ನು ತುತ್ತೂರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. 1938ರಲ್ಲಿ ಅವರನ್ನು ಬಂಧಿಸಿದರು. ಮರುವರ್ಷ ಸೆರೆಯಲ್ಲೇ ತೀರಿಕೊಂಡರು. ನಿರಪರಾಧಿ ಎಂದು ಒಪ್ಪಿಕೊಳ್ಳಲು 1955 ಬರಬೇಕಾಯಿತು.

ಸಖಾ ಭಾಷೆಯ ಲಿಪಿಯೂ ನೆಮ್ಮದಿಯಾಗಿರಲಿಲ್ಲ. ಮೊದಲು ಸಖಾ ಭಾಷಾತಜ್ಞ ನೊವ್‌ಗೊರೊದೊವ್ ಲ್ಯಾಟಿನ್ ಅಕ್ಷರಗಳಿಂದ ರೂಪಿಸಿದ ಅಕ್ಷರಮಾಲೆ, 1929ರಿಂದ ಇನ್ನೊಂದು ಬಗೆಯ ಲ್ಯಾಟಿನ್, 1939ರಲ್ಲಿ ರಷ್ಯನ್ ಬರೆಯುವ ಸಿರಿಲಿಕ್. ಎಳವೆಯಲ್ಲಿ ತಿದ್ದಿದ ಅಕ್ಷರ ದೊಡ್ಡವರಾಗುವಷ್ಟರಲ್ಲಿ ಅಚ್ಚಿನಿಂದಲೇ ಮಾಯವಾದ ತಲೆಮಾರು ಅದು. ಅಂಥ ಹೊತ್ತಿನಲ್ಲಿ ದೊಡ್ಡ ಕಾದಂಬರಿಗೆ ಕೈಹಾಕಿದವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಅಂಥವರಲ್ಲಿ ಮುಖ್ಯರು ನಿಕೊಲಾಯ್ ಮೊರ್ದಿನೊವ್. ಅವರ ಕಾವ್ಯನಾಮ ಅಮ್ಮಾ ಅಚ್ಚಿಗಿಯಾ. ಇದು ನಮ್ಮ ಅಮ್ಮ ಅಲ್ಲ. ಅಮ್ಗಾ ನದಿಗೆ ಸಖಾ ಜನರ ಹೆಸರು ಅಮ್ಮಾ. ‘ಅಮ್ಮಾ ತೀರದ ಚಿಕ್ಕವನು’ ಎಂದು ತಮ್ಮನ್ನು ಕರೆದುಕೊಂಡವರು. 1944ರಲ್ಲಿ ಬಂದ ಅವರ ‘ವಸಂತಕಾಲ’ದ ನಾಯಕ ನಿಕಿತಾ ಬಡವರ ಮನೆಯ ಹುಡುಗ. ಅಂಥ ಬಡವರ ಮನೆಗೆ ಬಾಲಗಾನ್ ಎನ್ನುತ್ತಾರೆ. ಓರೆಯಾಗಿ ನಿಲ್ಲಿಸಿದ ದಿಮ್ಮಿಗಳ ಗೋಡೆ, ಅದರ ಮೇಲೆ ಮಣ್ಣು ಸಗಣಿಯ ಮೆತ್ತಿಗೆ, ಮನೆಗೇ ಅಂಟಿಕೊಂಡ ದನದ ಕೊಟ್ಟಿಗೆ. ಚಳಿಗಾಲದಲ್ಲಿ ಕಿಟಕಿಗೆ ಮಂಜುಗಡ್ಡೆಯ ಹಲಗೆಯನ್ನೇ ಕೂರಿಸುತ್ತಿದ್ದರು. ಒಲೆ ಉರಿಯುತ್ತಿದ್ದರೂ ಅದು ಕರಗುತ್ತಿರಲಿಲ್ಲ, ಹೊರಗೆ ಅಂಥ ಚಳಿ. ಆ ಮನೆಯ ಮಾತು, ಗಾದೆ, ಹಸಿವು ಯಾವ ಪಕ್ಷದ ಕಚೇರಿಯಿಂದಲೂ ಬಂದದ್ದಲ್ಲ.

ಇನ್ನೊಬ್ಬರು ದಾಲಾನ್, ನಿಜನಾಮ ವಸೀಲಿ ಯಾಕೊವ್ಲೆವ್. 1952ರಲ್ಲಿ, ಇನ್ನೂ ಹರೆಯದಲ್ಲಿದ್ದಾಗಲೇ, ‘ರಾಷ್ಟ್ರೀಯವಾದಿ’ ಎಂಬ ಆರೋಪದ ಮೇಲೆ ಅವರನ್ನು ಬಂಧಿಸಿದರು. ಅವರ ಮೊದಲ ದೊಡ್ಡ ಕಾದಂಬರಿ ‘ಅನಾಥ ಮಗು’ ಬಂದದ್ದು 1983ರಲ್ಲಿ. ಅದು ವಿಲ್ಯುಯ್ ನದಿಯ ಕಾಡಿನ ಹಳೆಯ ಬುಡಕಟ್ಟುಗಳ ಕಥೆ. ಸೋವಿಯತ್ ದೇಶದಲ್ಲೇ ಅಚ್ಚಾದರೂ ಕ್ರಾಂತಿಯ ಸುಳಿವೂ ಇಲ್ಲದ ಕಾಲಕ್ಕೆ ಹೋಗಿ ಕುಳಿತ ಪುಸ್ತಕ.

ಓದುವಂಥದ್ದು ಒಂದಾದರೂ ಇದೆಯೇ ಎಂದಿರಿ. ‘ವಸಂತಕಾಲ’ದ ರಷ್ಯನ್ ಅನುವಾದವಿದೆ. ನಿಮಗೆ ರಷ್ಯನ್ ಬರುವುದಾದರೆ ಅದರಿಂದಲೇ ಶುರುಮಾಡಿ, ಭಾಷಣಗಳು ಬಂದಾಗ ಬೇಕಿದ್ದರೆ ಹಾಳೆ ಮಗುಚಿ. ಬರದಿದ್ದರೆ, ಅದರ ಒಂದು ಅಧ್ಯಾಯವನ್ನಾದರೂ ಕನ್ನಡಕ್ಕೆ ತಂದುಕೊಡುವವರನ್ನು ನಾನು ಹುಡುಕುತ್ತಿದ್ದೇನೆ.

— ಸಂಪಾದಕ