ಹಡಗಿನ ಗಡಿಯಾರ, ಬಂದರಿನ ರೈಲು, ಅತ್ತೆಯವರ ಊಟ: ಕ್ರೂಸ್ ಹೊರಟವರ ಪ್ರಶ್ನೆಗಳು

ಮೆಡಿಟರೇನಿಯನ್ ಕ್ರೂಸ್‌ಗೆ ಟಿಕೆಟ್ ಮಾಡಿಸಿಕೊಂಡವರಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಬಾರ್ಸಿಲೋನಾದಿಂದ ಹೊರಡುವ ನಮ್ಮ ಹಡಗು ಬೆಳಿಗ್ಗೆ 7ಕ್ಕೆ ರೋಮ್‌ಗೆ ಹೋಗುವವರು ಇಳಿಯುವ ಚಿವಿತವೆಕ್ಕಿಯಾ ಬಂದರಿಗೆ ಬಂದು ಸಂಜೆ 7ಕ್ಕೆ ನೇಪಲ್ಸ್‌ಗೆ ಹೊರಡುತ್ತದೆ. ಹಡಗಿನವರ ರೋಮ್ ಪ್ರವಾಸ ತುಂಬ ದುಬಾರಿ. ನಾವೇ ರೈಲಿನಲ್ಲಿ ಹೋಗಿಬರಬಹುದೇ? ತಡವಾದರೆ ಹಡಗು ಕಾಯುತ್ತದೆಯೇ? (ದಾವಣಗೆರೆ)

ಕಾಯುವುದಿಲ್ಲ. ಹಡಗಿನವರೇ ಮಾರಿದ ಪ್ರವಾಸದ ಬಸ್ಸು ಸಿಕ್ಕಿಹಾಕಿಕೊಂಡರೆ ಕಾಯುತ್ತಾರೆ, ಇಲ್ಲವೇ ನಿಮ್ಮನ್ನು ಮುಂದಿನ ಬಂದರಿಗೆ ತಲುಪಿಸುವ ಹೊಣೆ ಹೊರುತ್ತಾರೆ. ಸ್ವಂತವಾಗಿ ಹೋದವರಿಗೆ ಎರಡೂ ಇಲ್ಲ. ಆ ದುಬಾರಿ ಟಿಕೆಟ್ಟಿನಲ್ಲಿ ನೀವು ಕೊಳ್ಳುವುದು ಮುಖ್ಯವಾಗಿ ಈ ಭರವಸೆಯನ್ನೇ. ಗೈಡ್ ಹೇಳುವ ಕತೆ ಆಮೇಲಿನದು.

ಹಾಗಿದ್ದರೂ ರೋಮ್ ಸ್ವಂತವಾಗಿ ಹೋಗಿಬರಬಹುದಾದ ಊರೇ. ಲೆಕ್ಕವನ್ನು ಮಾತ್ರ ಸಂಜೆಯಿಂದ ಹಿಂದಕ್ಕೆ ಹಾಕಿ. ಹಡಗು 7ಕ್ಕೆ ಹೊರಡುತ್ತದೆ ಎಂದರೆ ಪ್ರಯಾಣಿಕರು ಹತ್ತಿ ಮುಗಿಯಬೇಕಾದ 'ಆಲ್ ಅಬೋರ್ಡ್' ಸಮಯ ಸಾಮಾನ್ಯವಾಗಿ 6:30, ಕೆಲವು ಕಂಪನಿಗಳಲ್ಲಿ 6. ಹಿಂದಿನ ರಾತ್ರಿ ಕೋಣೆಗೆ ಬರುವ ದಿನಪತ್ರದಲ್ಲೋ (ಮರುದಿನದ ಕಾರ್ಯಕ್ರಮದ ಹಾಳೆ) ಹಡಗಿನ ಆಪ್‌ನಲ್ಲೋ ಅದು ಇರುತ್ತದೆ. 5 ಗಂಟೆಗೆ ಹಡಗಿನ ಬುಡದಲ್ಲಿ ಇರುತ್ತೇವೆ ಎಂದು ಗುರಿ ಇಟ್ಟುಕೊಳ್ಳಿ. ಚಿವಿತವೆಕ್ಕಿಯಾ ಬಂದರು ದೊಡ್ಡದು. ಹಡಗಿನಿಂದ ಲಾರ್ಗೊ ದೆಲ್ಲಾ ಪಾಚೆ ಎಂಬ ನಿಲ್ದಾಣಕ್ಕೆ ಬಂದರಿನ ಬಸ್ಸು ಒಯ್ಯುತ್ತದೆ, ಅಲ್ಲಿಂದ ರೈಲು ನಿಲ್ದಾಣಕ್ಕೆ ಊರಿನ ಬಸ್ಸು ಅಥವಾ ಇಪ್ಪತ್ತು ನಿಮಿಷದ ನಡಿಗೆ. ಬಸ್ಸು ಕಾಯುವುದೂ ಸೇರಿ ಮುಕ್ಕಾಲು ಗಂಟೆ ಹಿಡಿಯಿರಿ. ಅಂದರೆ ಮರಳಿ ಬರುವ ರೈಲು 4:15ರೊಳಗೆ ಚಿವಿತವೆಕ್ಕಿಯಾದಲ್ಲಿರಬೇಕು. ರೋಮ್ 80 ಕಿಲೋಮೀಟರ್ ದೂರ, ಪ್ಯಾಸೆಂಜರ್ ರೈಲಿಗೆ ಒಂದು ಗಂಟೆ, ಒಮ್ಮೊಮ್ಮೆ ಇನ್ನಷ್ಟು. 3ರ ಸುಮಾರಿನ ರೈಲು ಹಿಡಿಯುವಂತೆ ನೋಡಿಕೊಳ್ಳಿ. ಅದು ತಪ್ಪಿದರೂ ಮುಂದಿನದನ್ನು ಹಿಡಿಯಲು ಸಮಯ ಉಳಿದಿರುತ್ತದೆ.

ಹೋಗುವಾಗ ರೋಮ್‌ನ ಮುಖ್ಯ ನಿಲ್ದಾಣವಾದ ತೆರ್ಮಿನಿವರೆಗೆ ಹೋಗಬೇಡಿ. ಅದಕ್ಕೂ ಮುಂಚೆ ಬರುವ ರೋಮಾ ಸಾನ್ ಪಿಯೆತ್ರೊದಲ್ಲಿ ಇಳಿದರೆ ವ್ಯಾಟಿಕನ್ ಚೌಕ ಕಾಲ್ನಡಿಗೆಯ ದೂರ. ಇನ್ನೊಂದು ಮುಖ್ಯ ವಿಷಯ, ಕಾಗದದ ಟಿಕೆಟ್ ಕೊಂಡರೆ ಸಾಲದು. ಪ್ಲಾಟ್‌ಫಾರ್ಮ್ ಬಳಿ ಇರುವ ಚಿಕ್ಕ ಯಂತ್ರದ ಬಾಯಿಗೆ ಅದನ್ನು ತೂರಿಸಿ ದಿನಾಂಕದ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಇಲ್ಲದ ಟಿಕೆಟ್ಟಿಗೆ ದಂಡ ಹಾಕುತ್ತಾರೆ, "ಹೊಸಬರು, ಗೊತ್ತಿರಲಿಲ್ಲ" ಎಂದರೆ ನಡೆಯುವುದಿಲ್ಲ.

ಹೊರಡುವ ವಾರ 'ಶೋಪೆರೊ' (sciopero) ಎಂಬ ಇಟಾಲಿಯನ್ ಪದವನ್ನು ಹುಡುಕಿ ನೋಡಿ. ಮುಷ್ಕರ ಎಂದರ್ಥ. ಇಟಲಿಯಲ್ಲಿ ರೈಲು ಮುಷ್ಕರವನ್ನು ಮುಂಚೆಯೇ ಪ್ರಕಟಿಸುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ನಿಗದಿತ ರೈಲುಗಳು ಓಡಲೇಬೇಕು ಎಂಬ ನಿಯಮ ಇದೆ. ಇದರಲ್ಲೇ ಇರುವುದು ಅಪಾಯ: ಬೆಳಿಗ್ಗೆ ಸುಖವಾಗಿ ರೋಮ್ ತಲುಪುತ್ತೀರಿ, ಮಧ್ಯಾಹ್ನ 3ಕ್ಕೆ ರೈಲೇ ಇರುವುದಿಲ್ಲ. ಮುಷ್ಕರದ ದಿನ ಹಡಗಿನವರ ಬಸ್ಸಿಗೇ ದುಡ್ಡು ಕೊಡಿ.

ಗಡಿಯಾರದ ಮಾತು. ಎಲ್ಲ ಸಮಯವೂ ಹಡಗಿನ ಗಡಿಯಾರದ ಪ್ರಕಾರ. ಮೊಬೈಲು ನೆಲದ ಸಿಗ್ನಲ್ ಸಿಕ್ಕ ಕೂಡಲೇ ತಾನೇ ಬದಲಾಗುತ್ತದೆ; ಇಟಲಿಗೂ ಗ್ರೀಸಿಗೂ ಒಂದು ಗಂಟೆ ವ್ಯತ್ಯಾಸ. ಹಡಗಿನ ಸಮಯಕ್ಕೆ ತಿರುಗಿಸಿದ ಒಂದು ಕೈಗಡಿಯಾರ ಇರಲಿ.

ಎಷ್ಟು ಜೋಪಾನ ಮಾಡಿದರೂ ತಪ್ಪಿಹೋದರೆ, ದಿನಪತ್ರದಲ್ಲಿ ಅಚ್ಚಾಗಿರುವ ಪೋರ್ಟ್ ಏಜೆಂಟ್ (ಆ ಬಂದರಿನಲ್ಲಿ ಹಡಗಿನ ಕಂಪನಿಯ ಪ್ರತಿನಿಧಿ) ನಂಬರಿಗೆ ಕರೆ ಮಾಡಿ. ಆ ಪುಟದ ಫೋಟೊ ತೆಗೆದುಕೊಂಡೇ ಕೆಳಗಿಳಿಯಿರಿ, ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ನಕಲೂ ಜೊತೆಗಿರಲಿ. ನಿಮ್ಮ ವಿಷಯದಲ್ಲಿ ಮುಂದಿನ ಬಂದರು ನೇಪಲ್ಸ್ ಆಗಿರುವುದು ಅದೃಷ್ಟ: ರೋಮ್‌ನಿಂದ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ. ಮುಂದಿನದು ಯಾವುದಾದರೂ ಗ್ರೀಕ್ ದ್ವೀಪವಾಗಿದ್ದರೆ ರೈಲಿನ ಸಲಹೆಯನ್ನೇ ನಾವು ಕೊಡುತ್ತಿರಲಿಲ್ಲ.

ಪ್ರಶ್ನೆ: ಅಥೆನ್ಸ್‌ನ ಪಿರಿಯಸ್ ಬಂದರಿನಿಂದ ಮಿಕೊನೊಸ್, ಟರ್ಕಿಯ ಕುಶಾದಸಿ, ಸ್ಯಾಂಟೊರಿನಿ, ಮತ್ತೆ ಪಿರಿಯಸ್. ಸಿಂಗಲ್ ಎಂಟ್ರಿ ಷೆಂಗೆನ್ ವೀಸಾ ಸಾಕೆಂದು ಏಜೆಂಟ್ ಹೇಳುತ್ತಾರೆ. (ಹುಬ್ಬಳ್ಳಿ)

ಸಾಲದು. ಷೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು; ಗ್ರೀಸ್ ಅದರಲ್ಲಿದೆ, ಟರ್ಕಿ ಇಲ್ಲ. ಕುಶಾದಸಿಗೆ ಹೋದಾಗ ನೀವು ಷೆಂಗೆನ್ ಬಿಟ್ಟಂತೆ, ಗ್ರೀಸಿನ ದ್ವೀಪವಾದ ಸ್ಯಾಂಟೊರಿನಿಗೆ ಬಂದಾಗ ಎರಡನೇ ಸಲ ಒಳಬಂದಂತೆ. ಮಲ್ಟಿಪಲ್ ಎಂಟ್ರಿಯೇ ಬೇಕು. ಹಡಗು ಹತ್ತಿಸುವ ಕೌಂಟರಿನಲ್ಲೇ ಇದನ್ನು ನೋಡುತ್ತಾರೆ, ಅಲ್ಲಿಂದಲೇ ವಾಪಸ್ ಕಳಿಸುತ್ತಾರೆ. ಅರ್ಜಿಯ ಜೊತೆಗಿನ ಪತ್ರದಲ್ಲಿ "ಇಂಥ ದಿನ ಕುಶಾದಸಿ, ಇಂಥ ದಿನ ಮತ್ತೆ ಗ್ರೀಸ್" ಎಂದು ದಿನಾಂಕ ಸಮೇತ ಬರೆದು ಹಡಗಿನ ಮಾರ್ಗಪಟ್ಟಿ ಲಗತ್ತಿಸಿ. ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಕಳೆಯುವ ದೇಶಕ್ಕೆ, ಅಂದರೆ ಗ್ರೀಸಿಗೆ. ಆರು ತಿಂಗಳು ಮುಂಚಿನಿಂದ ಹಾಕಬಹುದು. ವಿಮೆ ಕನಿಷ್ಠ 30,000 ಯೂರೊದ್ದಿರಬೇಕು.

ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ದ ಭಾರತೀಯರಿಗೆ ಟರ್ಕಿಯ ಇ-ವೀಸಾ ಸಿಗುತ್ತದೆ. ಅದನ್ನು ಅಲ್ಲಿನ ಸರ್ಕಾರದ ತಾಣದಲ್ಲೇ ಮಾಡಿಸಿ. ಅದರಂತೆಯೇ ಕಾಣುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಹಗಲಿಗಷ್ಟೇ ಇಳಿಯುವವರಿಗೆ ಅದು ಬೇಕೇ ಬೇಡವೇ ಎಂಬುದನ್ನು ಹಡಗಿನ ಕಂಪನಿಯಿಂದ ಇಮೇಲಿನಲ್ಲಿ ಬರೆಸಿಕೊಳ್ಳಿ. ಏಜೆಂಟರ ಬಾಯಿಮಾತು ಕೌಂಟರಿನಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ಅತ್ತೆಯವರು ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಮೊಟ್ಟೆಯೂ ಇಲ್ಲ. ಏಳು ದಿನ ಹೇಗೆ? ಅಡುಗೆ ಸಾಮಾನು ಒಯ್ಯಬಹುದೇ? (ಮೈಸೂರು)

ಬುಕಿಂಗ್ ಮಾಡುವಾಗಲೇ 'ಜೈನ್ ಮೀಲ್' ಎಂದು ಬರೆಸಿ. 'ವೆಜಿಟೇರಿಯನ್' ಎಂದರೆ ಹಡಗಿನ ಅಡುಗೆಮನೆಯಲ್ಲಿ ಮೊಟ್ಟೆ ಸೇರಿಯೇ. ಮೊದಲ ರಾತ್ರಿ ದೊಡ್ಡ ಊಟದ ಹಾಲಿಗೇ ಹೋಗಿ, ಹೆಡ್ ವೇಟರ್‌ರನ್ನು ಕರೆದು ಮಾತಾಡಿ. ಬಹುತೇಕ ಹಡಗುಗಳಲ್ಲಿ ಭಾರತೀಯ ಅಡುಗೆಯವರು ಇರುತ್ತಾರೆ, ಹಿಂದಿನ ದಿನವೇ ಹೇಳಿದರೆ ಅನ್ನ, ಬೇಳೆ, ಪಲ್ಯ ಬೇರೆಯಾಗಿ ಮಾಡಿಕೊಡುತ್ತಾರೆ. ಅದೇ ಮಾತನ್ನು ಬಫೆಯಲ್ಲಿ ನಿಂತ ಹುಡುಗನಿಗೆ ಹೇಳಿದರೆ ಏನೂ ಆಗುವುದಿಲ್ಲ, ಅಡುಗೆಮನೆಗೆ ಆರ್ಡರ್ ಹೋಗುವುದು ಹೆಡ್ ವೇಟರ್ ಮೂಲಕ.

ಬಫೆಯಲ್ಲಿ ಮೋಸ ಹೋಗುವ ಜಾಗಗಳು ಇವು. ತರಕಾರಿ ಸೂಪಿನ ನೀರು ಕೋಳಿಯದ್ದಾಗಿರಬಹುದು. ಸೀಸರ್ ಸಲಾಡಿನ ಸಾಸಿನಲ್ಲಿ ಆಂಚೊವಿ ಮೀನು ಇರುತ್ತದೆ. ಪನ್ನಾ ಕೊಟ್ಟಾ, ಮೂಸ್, ಜೆಲ್ಲಿಗಳಂಥ ಸಿಹಿತಿನಿಸುಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ತಾಜಾ ಪಾಸ್ತಾದಲ್ಲಿ ಮೊಟ್ಟೆ; ಒಣಗಿದ ಸ್ಪಗೆಟಿಯಲ್ಲಿ ಸಾಮಾನ್ಯವಾಗಿ ಇಲ್ಲ. ಮೇಲೆ ತುರಿಯುವ ಪಾರ್ಮೆಜಾನ್ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅತ್ತೆಯವರಿಗೆ ಗೊತ್ತಾದರೆ ಬೇಸರಪಟ್ಟಾರು, ಮುಂಚೆಯೇ ಬೇಡವೆನ್ನುವುದು ವಾಸಿ.

ಸಾಮಾನಿನ ವಿಷಯ: ಸೀಲ್ ಆದ ಪೊಟ್ಟಣದ ಚಟ್ನಿಪುಡಿ, ಖಾರದ ಅವಲಕ್ಕಿ, ಖಾಖ್ರಾಗೆ ಸಾಧಾರಣವಾಗಿ ತಕರಾರಿಲ್ಲ. ಮನೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ್ದನ್ನು ಹಡಗಿನ ಬಾಗಿಲಲ್ಲಿ ತೆಗೆಸುತ್ತಾರೆ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ ಎಂಬುದು ಯುರೋಪ್ ಒಕ್ಕೂಟದ ನಿಯಮ, ಆದ್ದರಿಂದ ತುಪ್ಪ, ಧಾರವಾಡ ಪೇಡೆ ಮನೆಯಲ್ಲೇ ಉಳಿಯಲಿ. ಕೆಟಲ್ ನಿಷೇಧ; ಬಿಸಿನೀರು ಬಫೆಯ ಟೀ ಯಂತ್ರದಲ್ಲಿ ಸಿಗುತ್ತದೆ. ಬಫೆಯಿಂದ ಹಣ್ಣು, ಸ್ಯಾಂಡ್‌ವಿಚ್ ಚೀಲಕ್ಕೆ ಹಾಕಿಕೊಂಡು ಬಂದರಿಗೆ ಇಳಿಯಬೇಡಿ, ಹಲವು ದೇಶಗಳಲ್ಲಿ ಅದಕ್ಕೆ ದಂಡವಿದೆ.

ಗ್ರೀಸಿನ ಹೋಟೆಲಿನಲ್ಲಿ 'ನಿಸ್ತಿಸಿಮೊ' ಎಂದರೆ ಉಪವಾಸದ ಊಟ: ಮಾಂಸ, ಹಾಲು, ಮೊಟ್ಟೆ ಇಲ್ಲ. ಆದರೆ ಸಿಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತವೆ, ಎಚ್ಚರ! ಸ್ಯಾಂಟೊರಿನಿಯ ಫಾವಾ ನಮ್ಮ ಗಟ್ಟಿ ತೊವ್ವೆಯಂತೆಯೇ ಇರುತ್ತದೆ. ಬೇಯಿಸುವಾಗಲೇ ಈರುಳ್ಳಿ ಹಾಕುವುದರಿಂದ ಅತ್ತೆಯವರಿಗೆ ಆಗದು, ನಿಮಗೆ ಆದೀತು.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಸ್ಯಾಂಟೊರಿನಿಯಲ್ಲಿ ಇಳಿಯಬಹುದೇ? (ಶಿರಸಿ)

ಅಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ, ನೀರಲ್ಲೇ ನಿಲ್ಲುತ್ತದೆ. ಟೆಂಡರ್ ಎಂಬ ಚಿಕ್ಕ ದೋಣಿಗೆ ದಾಟಬೇಕು. ಅಲೆಯಿದ್ದರೆ ದೋಣಿ ಏರಿಳಿಯುತ್ತಿರುತ್ತದೆ. ಇಬ್ಬರು ಸಿಬ್ಬಂದಿ ತೋಳು ಹಿಡಿಯುತ್ತಾರೆ, ಆದರೆ ಆ ಒಂದು ಹೆಜ್ಜೆ ಅಮ್ಮನೇ ಇಡಬೇಕು. ಮನೆಯ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಬಲ್ಲರಾದರೆ ಇದೂ ಆಗುತ್ತದೆ.

ಕಷ್ಟ ಇರುವುದು ದಡದಲ್ಲಿ. ಹಳೆ ಬಂದರಿನಿಂದ ಮೇಲಿನ ಫಿರಾ ಊರಿಗೆ ಮೂರು ದಾರಿ: ಕೇಬಲ್ ಕಾರು, 600ಕ್ಕೆ ಹತ್ತಿರದ ಮೆಟ್ಟಿಲು, ಕತ್ತೆ. ಮೆಟ್ಟಿಲೂ ಕತ್ತೆಯೂ ಒಂದೇ ದಾರಿಯಲ್ಲಿ, ಲದ್ದಿಯ ಮೇಲೆ ಕಾಲು ಜಾರುತ್ತದೆ. ಉಳಿದದ್ದು ಕೇಬಲ್ ಕಾರು, ಅದಕ್ಕೆ ಒಂದು ಸಲಕ್ಕೆ ಹಿಡಿಯುವುದು ಮೂರು ಡಜನ್ ಜನ. ಮೂರ್ನಾಲ್ಕು ಹಡಗು ಒಟ್ಟಿಗೆ ಬಂದ ದಿನ ಸಂಜೆ ಇಳಿಯುವ ಸಾಲು ಗಂಟೆ ದಾಟುತ್ತದೆ, ಕೂರಲು ಜಾಗವಿಲ್ಲ. ಹಡಗಿನವರ ಪ್ರವಾಸ ಕೊಂಡರೆ ದೋಣಿ ಅಥಿನಿಯೊಸ್ ಎಂಬ ಬೇರೆ ಬಂದರಿಗೆ ಹೋಗಿ ಅಲ್ಲಿಂದ ಬಸ್ಸೇ ಮೇಲಕ್ಕೆ ಒಯ್ಯುತ್ತದೆ. ಮರಳುವುದೂ ಬಸ್ಸಿನಲ್ಲೋ ಕೇಬಲ್ ಕಾರಿನಲ್ಲೋ ಎಂದು ಕೊಳ್ಳುವ ಮುಂಚೆ ಕೇಳಿ, ಹೆಚ್ಚಾಗಿ ಎರಡನೆಯದು. ಕೊನೆಯ ಟೆಂಡರಿಗೆ ಎರಡು ಗಂಟೆ ಮುಂಚೆಯೇ ಸಾಲಿಗೆ ನಿಲ್ಲಿ. ದ್ವೀಪದ ಇನ್ನೊಂದು ಊರಾದ ಇಯಾದ ಸೂರ್ಯಾಸ್ತವನ್ನು ಈ ಸಲ ಬಿಡಿ. ಫಿರಾದ ಅಂಚಿನಲ್ಲಿ ಕೂತು ಕಾಫಿ ಕುಡಿದರೂ ಕಾಣುವುದು ಅದೇ ಕಡಲು.

ಪ್ರಶ್ನೆ: ನಾಲ್ಕು ಮೊಬೈಲಿಗೆ ಒಂದು ಸ್ಪೈಕ್ ಗಾರ್ಡ್ ಒಯ್ಯುತ್ತಿದ್ದೇವೆ, ಪರವಾಗಿಲ್ಲವೇ? (ಬೆಂಗಳೂರು)

ಹಡಗಿನ ಎಕ್ಸ್‌ರೇಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಕಾರಣ ಇದು: ಮನೆಯಲ್ಲಿ ಕರೆಂಟು ತರುವ ಒಂದು ಫೇಸ್ ತಂತಿ, ಅದನ್ನು ಮರಳಿಸುವ ಒಂದು ನ್ಯೂಟ್ರಲ್ ತಂತಿ. ನ್ಯೂಟ್ರಲ್ ನೆಲಕ್ಕೆ ಸೇರಿರುತ್ತದೆ. ಅನೇಕ ಹಡಗುಗಳಲ್ಲಿ ಎರಡೂ ತಂತಿಯಲ್ಲಿ ವೋಲ್ಟೇಜ್, ಯಾವುದೂ ಹಡಗಿನ ಒಡಲಿಗೆ ಸೇರಿರುವುದಿಲ್ಲ. ಎಲ್ಲೋ ಒಂದು ತಂತಿ ಒಡಲಿಗೆ ತಾಗಿದರೆ ಇನ್ನೊಂದಕ್ಕೂ ಅರ್ತ್‌ಗೂ ನಡುವೆ ವೋಲ್ಟೇಜ್ ಏರುತ್ತದೆ. ಸ್ಪೈಕ್ ಗಾರ್ಡಿನಲ್ಲಿ ವೋಲ್ಟೇಜ್ ಏರಿಕೆಯನ್ನು ತಡೆಯುವ ಬಿಲ್ಲೆ ಕೂತಿರುವುದು ಅಲ್ಲೇ. ಅದು ಕಾದು ಹೊತ್ತಿಕೊಳ್ಳಬಹುದು. ನಾಲ್ಕು ಯುಎಸ್‌ಬಿ ತೂತಿನ ಸಾದಾ ಚಾರ್ಜರ್ ಸಾಕು. ನಮ್ಮ ಎರಡು ಕಡ್ಡಿಯ ಪಿನ್ನು ಯುರೋಪ್ ಸಾಕೆಟ್ಟಿಗೆ ಸಾಮಾನ್ಯವಾಗಿ ಕೂರುತ್ತದೆ, ಮೂರು ಪಿನ್ನಿನದು ಕೂರುವುದಿಲ್ಲ. ಹಡಗು ದಡ ಬಿಟ್ಟೊಡನೆ ನಾಲ್ಕೂ ಮೊಬೈಲು ಏರೋಪ್ಲೇನ್ ಮೋಡ್‌ಗೆ ಹೋಗಲಿ, ಇಲ್ಲದಿದ್ದರೆ ಹಡಗಿನ ಉಪಗ್ರಹ ನೆಟ್‌ವರ್ಕಿನ ರೋಮಿಂಗ್ ಬಿಲ್ಲು ಊರಿಗೆ ಬಂದ ಮೇಲೆ ಕೈಸೇರುತ್ತದೆ.