ಊರಂಚಿನವರ ಚಿತ್ರ ತೆಗೆಯುವ ಮೊದಲು

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಬೆಂಗಳೂರಿನ ಅಂಚಿನ ಒಂದು ಬಡಾವಣೆ ಬಗ್ಗೆ ಸಾಕ್ಷ್ಯಚಿತ್ರ ತೋರಿಸಿದರು. ನಲ್ಲಿ ಇಲ್ಲ, ಚರಂಡಿ ಇಲ್ಲ, ಪಕ್ಕದಲ್ಲೇ ಕಸದ ಗುಡ್ಡ. ಮುಗಿದ ಮೇಲೆ ಗೆಳತಿಯೊಬ್ಬಳು 'ಬೆಂಗಳೂರಿನ ಗೋಳು ನಮಗ್ಯಾಕೆ' ಅಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ.
— ಪದವಿ ವಿದ್ಯಾರ್ಥಿನಿ, ಸಾಗರ

ಉತ್ತರ: ಲಿಂಗನಮಕ್ಕಿಯಿಂದ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ, 2019ರ ಜುಲೈನಲ್ಲಿ, ನಮ್ಮ ಜಿಲ್ಲೆ ಬಂದ್ ಆಗಿತ್ತು, ನೆನಪಿದೆ ಅಲ್ವಾ? ಆಗ ಎಲ್ಲರೂ ಬೆಂಗಳೂರಿನ ದಾಹ ಅಂತಲೇ ಮಾತಾಡಿದರು. ಆ ಊರಲ್ಲಿ ಯಾರಿಗೆ ದಾಹ ಅಂತ ಕೇಳಿದವರು ಕಡಿಮೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಹಳ್ಳಿಯವರು ಒಂದೇ ಸಲಕ್ಕೆ ನಗರದವರಾದರು. ಆದರೆ ಆ 110 ಹಳ್ಳಿಗಳಿಗಾಗಿಯೇ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಯತನಕ ಬೋರ್‌ವೆಲ್ಲು, ಟ್ಯಾಂಕರ್ರು. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್‌ನವರು ಕೇಳಿದಷ್ಟು ದುಡ್ಡು ಕೊಟ್ಟವರು ಇವರೇ.

ನಮ್ಮಲ್ಲೂ ನೋಡಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ನಾಡಿಗೆಲ್ಲ ಕರೆಂಟ್ ಹೋಯಿತು, ಮುಳುಗಡೆಯಾಗಿ ಎದ್ದು ಹೋದ ಎಷ್ಟೋ ಮನೆಯವರು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಿಮ್ಮ ಗೆಳತಿಯ ಮನೆಯ ಹಿರಿಯರಲ್ಲೇ ಯಾರಾದರೂ ಇದನ್ನು ಬಲ್ಲವರು ಇರಬಹುದು. ಕೇಳಿ ನೋಡಲಿ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಸೇರಿ ಶಿವಮೊಗ್ಗದ ಹೊರವಲಯದ ಒಂದು ಕೇರಿಯ ಬಗ್ಗೆ ಮೊಬೈಲಿನಲ್ಲೇ ಸಾಕ್ಷ್ಯಚಿತ್ರ ಮಾಡಬೇಕು ಅಂತಿದ್ದೇವೆ. ಮೊದಲ ದಿನವೇ ಅಜ್ಜಿಯೊಬ್ಬರು 'ಫೋಟೋ ಹೊಡ್ಕಂಡು ಹೋಗ್ತೀರಿ, ಆಮೇಲೆ ನಮಗೇನು?' ಅಂತ ಕೇಳಿದರು. ಬಾಯಿ ಕಟ್ಟಿತು. ಮುಂದುವರಿಯಬೇಕೋ ಬೇಡವೋ?
— ಓದುಗ, ವಿನೋಬನಗರ, ಶಿವಮೊಗ್ಗ

ಉತ್ತರ: ಮುಂದುವರಿಯಿರಿ, ಅಜ್ಜಿಯ ಪ್ರಶ್ನೆಯನ್ನೂ ಚಿತ್ರದಲ್ಲಿ ಇಟ್ಟುಕೊಳ್ಳಿ. ಮುಂಬೈನ ಗುಡಿಸಲು, ಫುಟ್‌ಪಾತ್ ಜನರ ಬಗ್ಗೆ ಆನಂದ್ ಪಟವರ್ಧನ್ 1985ರಲ್ಲಿ ಮಾಡಿದ ಚಿತ್ರದಲ್ಲಿ ಹೆಂಗಸೊಬ್ಬರು ಹೀಗೇ ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ, ಪಟವರ್ಧನ್ ಅದನ್ನು ಕತ್ತರಿಸದೆ ಉಳಿಸಿಕೊಂಡರು. ಆ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಖಂಡಿತ ಇದೆ.

ಇನ್ನು ಏನು ತೆಗೆಯೋದು? ಮುರುಕು ಗೋಡೆ, ಬರಿಗಾಲಿನ ಮಗು, ಹಿಂದೆ ಕೊಳಲಿನ ಸಂಗೀತ. ಇದನ್ನು ದಯವಿಟ್ಟು ಬಿಡಿ. ಅಯ್ಯೋ ಅನ್ನಿಸುತ್ತದೆ, ಕಾರಣ ತಿಳಿಯುವುದಿಲ್ಲ. ಒಂದೇ ಒಂದು ಬೀದಿ ನಲ್ಲಿ ಹಿಡಿದುಕೊಳ್ಳಿ. ಬೆಳಕು ಹರಿಯುವ ಮೊದಲೇ ಹೋಗಿ ನಿಲ್ಲಿ. ಕೊಡಗಳು ಸಾಲಾಗಿ ಕೂತಿರುತ್ತವೆ, ಕೊಡ ಇಲ್ಲದ ಕಡೆ ಸರದಿಗೆ ಒಂದು ಕಲ್ಲು, ಒಂದು ಹಳೇ ಡಬ್ಬ. ಯಾವ ಕೊಡ ಯಾರದ್ದು ಅಂತ ಅಲ್ಲಿನ ಹೆಂಗಸರಿಗೆ ಬಣ್ಣ ನೋಡಿಯೇ ಗೊತ್ತು. ಕೈಲಾಗದ ಅಜ್ಜಿಗೆ ಯಾರು ತುಂಬಿಸಿಕೊಡುತ್ತಾರೆ, ನೀರು ನಿಂತಾಗ ಎಷ್ಟು ಕೊಡ ಖಾಲಿ ಉಳಿದವು, ಆ ಮನೆಯ ಹುಡುಗಿ ಅವತ್ತು ಶಾಲೆಗೆ ಎಷ್ಟು ಹೊತ್ತಿಗೆ ಹೋದಳು, ಇಷ್ಟನ್ನು ಅವಸರ ಮಾಡದೆ ತೆಗೆಯಿರಿ. ಆಮೇಲೆ ಪೈಪ್ ಹಿಡಿದು ಮೇಲಕ್ಕೆ ಹೋಗಿ. ಯಾವ ಟ್ಯಾಂಕ್, ವಾಲ್ವ್ ತಿರುಗಿಸುವವರು ಯಾರು, ಪಕ್ಕದ ಬಡಾವಣೆಗೆ ಎಷ್ಟು ಹೊತ್ತು ಬಿಡುತ್ತಾರೆ, ಹಾಗೆ ಬಿಡಿ ಅಂದವರು ಯಾರು. ನನ್ನ ಪ್ರಕಾರ ನಿಮ್ಮ ಚಿತ್ರ ಗಟ್ಟಿಯಾಗಿ ನಿಲ್ಲುವುದೇ ಇದರ ಮೇಲೆ. ಯಾವ ಕೇರಿಯೂ ತಾನಾಗಿ ಹಿಂದುಳಿಯುವುದಿಲ್ಲ, ಯಾರೋ ಎಲ್ಲೋ ಕೂತು ಮಾಡಿದ ತೀರ್ಮಾನ ಅದರ ಹಿಂದೆ ಇರುತ್ತದೆ.

ಕಸದ್ದೂ ಅಷ್ಟೇ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಗುತ್ತಿತ್ತು. 2012ರಲ್ಲಿ ಅಲ್ಲಿ ನಿಂತಾಗ ಮಂಡೂರಿಗೆ ಹೊರೆ ಜಾಸ್ತಿಯಾಯಿತು. 2014ರಲ್ಲಿ ಮಂಡೂರಿನ ಜನ ಲಾರಿ ತಡೆದು ಕೂತರು, ಆ ಡಿಸೆಂಬರಿನಿಂದ ಅಲ್ಲಿಗೆ ಕಸ ಬೇಡ ಅಂತ ತೀರ್ಮಾನವಾಯಿತು. ಲಾರಿಗಳು ಮತ್ತೆ ಬೇರೆ ಹಳ್ಳಿಗಳ ಕಡೆ ತಿರುಗಿದವು. ಶಿವಮೊಗ್ಗದ ಕಸ ಅನುಪಿನಕಟ್ಟೆಗೆ ಹೋಗುತ್ತದೆ ಅಂತ ನಗರದ ಮಧ್ಯೆ ಇರುವ ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೇವೆ?

ಕಾಗದಪತ್ರ ಮರೆಯಬೇಡಿ. ಕೇರಿಗೆ ಹಕ್ಕುಪತ್ರ ಇದೆಯೋ, 1973ರ ಕೊಳಚೆ ಪ್ರದೇಶ ಕಾಯ್ದೆಯಡಿ ಘೋಷಣೆ ಆಗಿದೆಯೋ, ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿಯನ್ನು ಕೇರಿಯವರ ಹೆಸರಲ್ಲೇ ಹಾಕಿಸಿ. ಚಿತ್ರ ಮುಗಿದ ಮೇಲೂ ಆ ಉತ್ತರ ಅವರ ಕೈಯಲ್ಲಿ ಇರುತ್ತದೆ, ಅಜ್ಜಿ ಕೇಳಿದ್ದಕ್ಕೆ ಸ್ವಲ್ಪವಾದರೂ ಉತ್ತರ ಸಿಕ್ಕಂತಾಯಿತು.

ಹಾಂ, ಮಳೆಗಾಲದಲ್ಲೂ ಹೋಗಿ. ಚರಂಡಿ ಇಲ್ಲದ ಕಷ್ಟ ಗೊತ್ತಾಗೋದು ಜುಲೈನಲ್ಲಿ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಒಳಗೆ ಮಾತು ಕೇಳಿಸುವುದಿಲ್ಲ, ಕಾಲರ್ ಮೈಕ್ ಒಂದು ಬೇಕೇ ಬೇಕು.

ಪ್ರಶ್ನೆ: ಇಂಥ ಚಿತ್ರವನ್ನು ಮೊದಲು ಎಲ್ಲಿ ತೋರಿಸಬೇಕು? ಸ್ಪರ್ಧೆಗೆ ಕಳಿಸಬಹುದಾ?
— ಓದುಗ, ತೀರ್ಥಹಳ್ಳಿ

ಉತ್ತರ: ಕಳಿಸಿ, ಆದರೆ ಆಮೇಲೆ. ಎಡಿಟಿಂಗ್ ಪೂರ್ತಿ ಮುಗಿಯುವ ಮೊದಲೇ ಆ ಕೇರಿಯಲ್ಲೇ, ರಾತ್ರಿ ಊಟದ ಹೊತ್ತು ಕಳೆದ ಮೇಲೆ, ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿ. ಹಗಲು ಕೂಲಿಗೆ ಹೋದವರು ಆಗಲೇ ಸಿಗೋದು. 'ನನ್ನ ಮಗನ ಮುಖ ಬೇಡ', 'ಆ ಮಾತು ತೆಗೀರಿ' ಅಂದರೆ ವಾದ ಮಾಡದೆ ತೆಗೆಯಿರಿ. ಬಿಟ್ಟುಹೋಗಿದ್ದನ್ನೂ ಅವರೇ ಹೇಳುತ್ತಾರೆ, ಅದಕ್ಕೆ ಇನ್ನೊಂದು ದಿನ ಶೂಟಿಂಗ್ ಇಟ್ಟುಕೊಂಡಿರಿ.