ಐಟಿಐ ಮುಗಿಸಿದ ತಮ್ಮನನ್ನು ಅಪ್ರೆಂಟಿಸ್ ಆಗಿ ಕಳಿಸಬಹುದೇ?

ನಿಮ್ಮ ತಮ್ಮ ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಅಪ್ರೆಂಟಿಸ್‌ಗಳಿಗೆ ಸರ್ಕಾರ ಕೊಡುವ ದುಡ್ಡು ನಿಜಕ್ಕೂ ಕೈಗೆ ಸಿಗುತ್ತದೆಯೇ, ಇಲ್ಲ ಒಂದು ವರ್ಷ ಸುಮ್ನೆ ಹಾಳಾಗುತ್ತದೆಯೇ ಎಂದು ಕೇಳಿದ್ದೀರಿ. ನಾನೂ ಫಿಟ್ಟರೇ. ಈಗ ಬೆಂಗಳೂರಿನ ಪೀಣ್ಯದಲ್ಲಿ, ಅಚ್ಚು, ಉಪಕರಣ ಮಾಡುವ ಒಂದು ಸಣ್ಣ ಟೂಲ್ ರೂಮಿನಲ್ಲಿ ಸೂಪರ್‌ವೈಸರ್. ವರ್ಷಕ್ಕೆ ಇಬ್ಬರು ಹುಡುಗರಾದರೂ ನನ್ನ ಹತ್ತಿರ ಕಲಿಯಲು ಬರುತ್ತಾರೆ.

ದುಡ್ಡು ಸಿಗುತ್ತದೆ. 2016ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಸ್ಟೈಪೆಂಡ್‌ನ, ಅಂದರೆ ಕಲಿಯುವಾಗ ಸಿಗುವ ತಿಂಗಳ ಭತ್ಯೆಯ, ಕಾಲು ಭಾಗವನ್ನು, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿಯನ್ನು, ಸರ್ಕಾರ ಕೊಡುತ್ತದೆ. 2019ರ ನಿಯಮದ ಪ್ರಕಾರ ಐಟಿಐ ಪಾಸಾದವರಿಗೆ ಕನಿಷ್ಠ 7,000 ರೂಪಾಯಿ. ಅದರಲ್ಲಿ 5,500 ಕಂಪನಿಯದು. ಮೊದಲು ಸರ್ಕಾರದ ಪಾಲು ಕಂಪನಿಗೆ ವಾಪಸ್ ಹೋಗುತ್ತಿತ್ತು. 2023ರಿಂದ ಅದು ನೇರವಾಗಿ ಹುಡುಗನ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಗೆ ಆಧಾರ್ ಜೋಡಿಸಿದೆಯಾ ಎಂದು ಈಗಲೇ ನೋಡಿಕೊಳ್ಳಿ. ಊರು ಬಿಟ್ಟು ಬೆಂಗಳೂರಿಗೆ ಬಂದವನಿಗೆ 7,000 ರೂಪಾಯಿಯಲ್ಲಿ ರೂಮು, ಊಟ ಎರಡೂ ಆಗುವುದಿಲ್ಲ. ಸ್ಟೈಪೆಂಡ್ ಶೇ 36ರಷ್ಟು ಹೆಚ್ಚಿಸಿ ಎಂದು 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಮಂಡಳಿಯೇ ಶಿಫಾರಸು ಮಾಡಿತು. ಆ ಬೇಡಿಕೆ ಪೂರ್ತಿ ನ್ಯಾಯವಾದದ್ದು.

ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಒಪ್ಪಂದ ನೋಂದಣಿ ಆಗದಿದ್ದರೆ ಅದು ಅಪ್ರೆಂಟಿಸ್‌ಶಿಪ್ ಅಲ್ಲ. 'ಟ್ರೈನಿ' ಎಂದು ಬಾಯಿಮಾತಿನಲ್ಲಿ ಸೇರಿಸಿಕೊಳ್ಳುವವರು ಬಹಳ ಜನ ಇದ್ದಾರೆ. ಅಲ್ಲಿ ಸರ್ಕಾರದ ದುಡ್ಡೂ ಇಲ್ಲ, ಕೊನೆಗೆ ಪರೀಕ್ಷೆ ಬರೆದು ಪಡೆಯುವ ರಾಷ್ಟ್ರೀಯ ಸರ್ಟಿಫಿಕೇಟೂ ಇಲ್ಲ. ನೋಂದಣಿ ಆದರೂ, 1961ರ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕ ಅಲ್ಲ. ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂದಿಲ್ಲ. ಆದರೆ ಕೆಲಸದ ಜಾಗದಲ್ಲಿ ಪೆಟ್ಟಾದರೆ ಪರಿಹಾರದ ಹಕ್ಕಿದೆ.

ಇನ್ನು ವರ್ಷ ಹಾಳಾಗುತ್ತದಾ ಎಂಬ ಪ್ರಶ್ನೆ. ನನ್ನ ವರ್ಷದಲ್ಲಿ ನಾಲ್ಕು ತಿಂಗಳು ಹಾಳಾಯಿತು. ದೊಡ್ಡ ಕಾರ್ಖಾನೆ, ಸ್ಟೈಪೆಂಡ್ ಸರಿಯಾಗಿ ಬರುತ್ತಿತ್ತು, ಕ್ಯಾಂಟೀನ್ ಊಟವೂ ಚೆನ್ನಾಗಿತ್ತು. ಆದರೆ ನನ್ನನ್ನು ಪ್ಯಾಕಿಂಗ್‌ಗೆ ಹಾಕಿದರು. ಐಟಿಐನಲ್ಲಿ ಕಲಿತ, ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಓದುವುದೇ ಕೈ ತಪ್ಪಿಹೋಗಿತ್ತು. ಆಮೇಲೆ ಟೂಲ್ ರೂಮಿಗೆ ಬದಲಾಯಿಸಿದರು. ಅಲ್ಲಿನ ಹಿರಿಯರೊಬ್ಬರು ದಿನವೂ ಅರ್ಧ ಗಂಟೆ ಪಕ್ಕದಲ್ಲಿ ನಿಂತು ಫೈಲ್ (ಲೋಹ ಉಜ್ಜುವ ಅರ) ಹಿಡಿಯುವುದರಿಂದ ಮತ್ತೆ ಶುರು ಮಾಡಿಸಿದರು. ಇವತ್ತು ನಾನು ತಿನ್ನುತ್ತಿರುವ ಅನ್ನ ಆ ಅರ್ಧ ಗಂಟೆಯದು.

ಸರ್ಕಾರದ ದುಡ್ಡು ಹುಡುಗನ ಖಾತೆಗೆ ಬರುತ್ತದೆ, ಆ ಹಿರಿಯರ ಅರ್ಧ ಗಂಟೆಗೆ ಬರುವುದಿಲ್ಲ. ನಮ್ಮಂಥ ಸಣ್ಣ ಶೆಡ್ಡಿನಲ್ಲಿ ಒಬ್ಬ ಒಳ್ಳೆ ಕೆಲಸಗಾರ ಮಷಿನ್ ಬಿಟ್ಟು ಕಲಿಸಲು ನಿಂತರೆ ಅವತ್ತು ಮಾಡಿಕೊಡಬೇಕಾದ ಕೆಲಸ ತಡವಾಗುತ್ತದೆ. 30 ಅಥವಾ ಜಾಸ್ತಿ ಜನ ಇರುವ ಕಡೆ ಒಟ್ಟು ಕೆಲಸಗಾರರ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ, ಅದಕ್ಕಿಂತ ಸಣ್ಣ ಕಂಪನಿಗಳಿಗೆ ಕಡ್ಡಾಯವಿಲ್ಲ. ಆದರೆ ಹುಡುಗ ಡ್ರಿಲ್ಲಿಂಗ್, ಮಿಲ್ಲಿಂಗ್, ಗ್ರೈಂಡಿಂಗ್ ಎಲ್ಲಕ್ಕೂ ಕೈ ಹಾಕುವುದು ಸಣ್ಣ ಕಡೆಯೇ ಅಲ್ವಾ? ಕಲಿಸುವವರ ಸಮಯಕ್ಕೂ ಸ್ವಲ್ಪ ದುಡ್ಡು ಇಟ್ಟರೆ ಇನ್ನೂ ಎಷ್ಟೋ ಶೆಡ್ಡುಗಳು ಬಾಗಿಲು ತೆರೆಯುತ್ತವೆ.

ಹಾಗಾಗಿ ಕಳಿಸಿ, ಆದರೆ ಸೇರುವ ಮುಂಚೆ ಅಲ್ಲಿ ಈಗ ಇರುವ ಅಪ್ರೆಂಟಿಸ್ ಒಬ್ಬನನ್ನು ಗೇಟಿನ ಹೊರಗೆ ಮಾತಾಡಿಸಲು ಹೇಳಿ. ಸ್ಟೈಪೆಂಡ್ ಎಷ್ಟು ಎಂದು ಕೇಳುವುದು ಬೇಡ, ಅದು ಒಪ್ಪಂದದಲ್ಲೇ ಇರುತ್ತದೆ. ಹೋದ ವಾರ ಯಾವ ಮಷಿನ್ ಮೇಲೆ ಕೆಲಸ ಮಾಡಿದೆ, ಯಾರು ಕಲಿಸಿದರು ಎಂದು ಕೇಳಲಿ.